ಅತ್ತಿಯ ಗ್ಲೌಸು

ಕಾರ್ಮಿಕ ಇಲಾಖೆಯ ಸಾಹೇಬರಿಗೆ,

ಯಂಕಂಚಿಯ ಸುವರ್ಣಾ ಮಾಡುವ ನಮಸ್ಕಾರ್ರಿ.

ಸಿಂದಗಿಯ ಖಾಸಗಿ ದವಾಖಾನಿಯಲ್ಲಿ ಕಸ ತೆಗೆಯುವ ರೇವವ್ವ ನನ್ನ ಅತ್ತಿ. ಕಸದ ಚೀಲದಾಗಿನ ಸೂಜಿ ಚುಚ್ಚಿ ಆಕಿಯ ರಕ್ತಕ್ಕೆ ಕಾಮಾಲಿ ರೋಗ ಸೇರಿತು. "ಗ್ಲೌಸ್ ಹಾಕಿರಲಿಲ್ಲ, ತಪ್ಪು ಆಕಿದೇ, ಪರಿಹಾರ ಇಲ್ಲ" ಅಂತ ಮಾಲೀಕರು ನಿಮ್ಮ ಮುಂದೆ ಹೇಳಿದರು. ಅತ್ತಿ ತಲೆ ತಗ್ಗಿಸಿ ನಿಂತಳು. ನನ್ನ ಹೆಸರು ಹೇಳಲಿಲ್ಲ.

ಗ್ಲೌಸ್ ನನ್ನ ಕೈಯಾಗ ಇತ್ತು ಸಾಹೇಬರೇ. ನಾನು ಉಪ್ಪಿನಕಾಯಿಗೆ ಲಿಂಬಿಹಣ್ಣು ಹೆಚ್ಚುವ ಕೂಲಿಯವಳು. ಹುಳಿ ತಾಗಿ ಕೈ ಒಡೆದಿದ್ದವು. ದವಾಖಾನಿ ಮಾಲೀಕರು ತನಗೆ ಕೊಟ್ಟಿದ್ದ ಒಂದೇ ಜೋಡಿಯನ್ನು ಅತ್ತಿ ನನಗೆ ಕೊಟ್ಟಳು. "ಹಾಕ್ಕೋ ಯವ್ವಾ, ನನ್ನ ಚರ್ಮ ಎಮ್ಮಿ ಚರ್ಮ" ಅಂತ ನಕ್ಕಳು. ನಾನೂ ಹಾಕಿಕೊಂಡೆ. ಈಗ ಆಕಿ ತನ್ನ ತಾಟು, ಚರಿಗಿ ಬ್ಯಾರೆ ಇಟ್ಟಾಳ, ನನ್ನ ಮಗಳನ್ನು ಎತ್ತಿಕೊಳ್ಳುವುದಿಲ್ಲ.

ನನ್ನ ತಪ್ಪು ಬರೆದುಕೊಳ್ಳಿರಿ. ಆದರೆ ಸೂಜಿಯನ್ನು ಕಸದ ಚೀಲಕ್ಕೆ ಎಸೆದವರು ಯಾರು ಅಂತಲೂ ಕೇಳಿರಿ. ಆ ತೆಳ್ಳನೆಯ ರಬ್ಬರ್ ಗ್ಲೌಸನ್ನು ಪತ್ರದ ಜೋಡಿ ಕಳಿಸಿದ್ದೇನೆ. ಮಾಲೀಕರ ಕೈಗೆ ತೊಡಿಸಿ, ಸೂಜಿ ಹಿಡಿದು ಹತ್ತಿರ ಹೋಗಿರಿ. ಅವರು ಕೈ ಹಿಂದಕ್ಕೆ ಎಳೆದುಕೊಂಡರೆ ಅತ್ತಿಗೆ ಪರಿಹಾರ ಕೊಡಿಸಿರಿ.

ರೇವವ್ವನ ಸೊಸಿ,
ಸುವರ್ಣಾ