ಹನ್ನೆರಡೂವರೆಯ ಫೋನು

ಅತ್ತೀ,

ನಿಮ್ಮ ಫೋನು ಎದ್ದಿದೆ. ಮೂರು ವಾರ ನನ್ನ ಬೆನ್ನು ಹತ್ತಿದ್ದಿರಲ್ಲ, “ಸವಿತಾ, ಇದು ಏಳವಲ್ದು ನೋಡು, ಎದ್ದರೂ ಮತ್ತ ಮಲಗತೈತಿ” ಅಂತ? ಕೊನೆಗೂ ಸರಿಮಾಡಿದೆ. ನಾನೇ ಮಾಡಿದೆ, ಕಂಪ್ಯೂಟರ್ ಮುಟ್ಟದೆ, ನೀವು ರೊಟ್ಟಿ ಬಡಿಯುತ್ತಿದ್ದ ಅಡುಗೆಕಟ್ಟೆಯ ಮೇಲೆ. ನೀವು ಹೋಗಿ ನಲವತ್ತಾರು ದಿನವಾದ ಮೇಲೆ. ಬೈಯಿರಿ, ಈ ಸಲ ಎದುರು ಮಾತಾಡುವುದಿಲ್ಲ.

ಆ ಫೋನು ಮನೆಗೆ ಬಂದ ದಿನ ನೆನಪಿದೆಯೇ? ನಿಮ್ಮ ಮಗ ದೂರದ ಕೆಲಸದ ಊರು ಮದೀನತ್ ಜಾಯೆದ್‌ನಿಂದ ವಾರದ ರಜೆಗೆ ಬರುವಾಗ ಹಿಡಿದುಕೊಂಡು ಬಂದಿದ್ದರು. ಚುಕ್ಕಿ ಕೂಡಿಸಿ ಬೀಗ ಹಾಕುವುದನ್ನು ನಿಮ್ಮ ಮೊಮ್ಮಗಳು ಚಿನ್ನಿ ತೋರಿಸಿಕೊಟ್ಟಳು. ನೀವು ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ ಕೂತು ನಿಮ್ಮ ಬೀಗವನ್ನು ನೀವೇ ಹಾಕಿದಿರಿ. ಏನು ಹಾಕಿದಿರಿ ಅಂತ ಕೇಳಿದ್ದಕ್ಕೆ, “ಈ ಮನ್ಯಾಗ ನಂದು ಅಂತ ಒಂದ ಕೀಲಿ ಇರ್ಲಿ ಬಿಡವಾ” ಅಂದಿರಿ. ನರಗುಂದದ ಮನೆಯ ಕೀಲಿಗೊಂಚಲನ್ನು ಮೈದುನನ ಹೆಂಡತಿಗೆ ಕೊಟ್ಟು ಈ ಅರಬ್ ನಾಡಿಗೆ ವಿಮಾನ ಹತ್ತಿದವರು ನೀವು. ನಾನು ಅವತ್ತು ನಕ್ಕೆ. ನನಗೆ ಅರ್ಥವಾಗಿರಲಿಲ್ಲ.

ಮೊದಮೊದಲು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಿರಿ. ಅಲ್ ನಹ್ದಾದ ನಮ್ಮ ಈ ಕಟ್ಟಡದ ಕಾರಿಡಾರಿನಲ್ಲಿ ಗುಡಿಸುವವನು ಎಂಟು ಗಂಟೆಗೆ ಬಂದು ಒರೆಸಿಬಿಡುತ್ತಿದ್ದ. ಒಂದು ದಿನ ಕಟ್ಟಡದ ವಾಚ್‌ಮನ್ ಬಂದು, ಇದೆಲ್ಲ ಇಲ್ಲಿ ಆಗುವುದಿಲ್ಲ ಅಂತ ನನಗೆ ಹೇಳಿಹೋದ. ನೀವು ಜಗಳ ಆಡಲಿಲ್ಲ. ಮರುದಿನದಿಂದ ರೊಟ್ಟಿ ಮಾಡಿದ ಮೇಲೆ ಕಟ್ಟೆಯ ಮೇಲೆ ಉಳಿದ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ಚುಕ್ಕಿ ಇಟ್ಟು ಕೂಡಿಸಿ, ಒಂದು ಗಳಿಗೆ ನೋಡಿ, ಆಮೇಲೆ ಒರೆಸುತ್ತಿದ್ದಿರಿ. ದಿನಾ ನೋಡುತ್ತಿದ್ದೆ. ಚಹಾ ಕುಡಿಯುತ್ತ, ಬಸ್ಸು ತಪ್ಪುತ್ತದೆ ಅನ್ನುವ ಗಡಿಬಿಡಿಯಲ್ಲಿ.

ಹನ್ನೆರಡೂವರೆಯ ಫೋನನ್ನು ಶುರು ಮಾಡಿದ್ದು ನಾನೇ. ಕರಾಮದ ಹಲ್ಲಿನ ದವಾಖಾನೆಯ ಕೌಂಟರಿನಲ್ಲಿ ಕೂತವಳಿಗೆ ಮನೆಯಿಂದ ಕರೆ ಬರುವ ಹಾಗಿರಲಿಲ್ಲ, ಮ್ಯಾನೇಜರ್ ಮುಖ ಗಂಟು ಹಾಕುತ್ತಿದ್ದರು. ಅದಕ್ಕೇ ಊಟದ ಬಿಡುವಿನಲ್ಲಿ ನಾನೇ ಮಾಡುತ್ತೇನೆ ಅಂದಿದ್ದೆ. “ಅತ್ತಿ, ಊಟ ಆತೇನ್ರಿ?” “ಇಲ್ಲವಾ, ನೀ ಮಾಡ್ಲಿ ಅಂತ ಕುಂತಿದ್ದೆ.” ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ನನ್ನ ಫೋನು ಬಂದ ಮೇಲೆಯೇ ಉಣ್ಣಲು ಕೂರುತ್ತಿದ್ದಿರಿ. ಎಷ್ಟು ಸಲ ಹೇಳಿದೆ, ಕಾಯಬೇಡಿ ಅಂತ? ಕೇಳಿದಿರಾ?

ಆ ಬೆಳಗ್ಗೆ ನಾನು ಆಡಿದ ಮಾತು ಒಂದಕ್ಷರ ಬಿಡದೆ ನೆನಪಿದೆ. ಚಿನ್ನಿಯ ಶಾಲೆಯ ಬಸ್ಸು ಕೆಳಗೆ ನಿಂತಿತ್ತು. ನೀವು ಫೋನು ಹಿಡಿದು ಬಂದಿರಿ, ಅದು ಮತ್ತೆ ತಾನೇ ಆರಿ ತಾನೇ ಹತ್ತಿಕೊಳ್ಳುತ್ತಿತ್ತು. ಊರಿನಿಂದ ಬರುವ ಗುಡ್ ಮಾರ್ನಿಂಗ್ ಚಿತ್ರಗಳನ್ನು ತುಂಬಿಸಿಕೊಂಡು ಕೂತರೆ ಇನ್ನೇನಾಗುತ್ತದೆ, ನನಗೇನು ನಿಮ್ಮ ಫೋನಿನ ಚಾಕರಿಯೊಂದೇ ಕೆಲಸವೇ ಅಂದೆ. ನೀವು ಸುಮ್ಮನಾದಿರಿ. ಆ ಸುಮ್ಮನಾಗುವುದು ನನಗೆ ಬೈದದ್ದಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತಿತ್ತು, ಗೊತ್ತೇ? ಮಧ್ಯಾಹ್ನ ಹನ್ನೆರಡೂವರೆಗೆ ಕೌಂಟರಿನಲ್ಲಿ ಒಂದು ಪೇಶೆಂಟೂ ಇರಲಿಲ್ಲ. ಫೋನು ಕೈಯಲ್ಲೇ ಇತ್ತು. ಒಂದು ದಿನ ಕಾಯಲಿ ಅಂದುಕೊಂಡೆ.

ಸಂಜೆ ನಾಲ್ಕೂವರೆಗೆ ಬಾಗಿಲು ತೆಗೆದಾಗ ನೀವು ಅಡುಗೆಮನೆಯ ಕುರ್ಚಿಯಲ್ಲೇ ಗೋಡೆಗೆ ತಲೆ ಆನಿಸಿಕೊಂಡು ಕೂತಿದ್ದಿರಿ. ಕೈ ಮುಟ್ಟಿದೆ. ಮುಟ್ಟಿದ ಕೂಡಲೇ ತಿಳಿಯಿತು. ಕಟ್ಟೆಯ ಮೇಲೆ ನಿಮ್ಮ ಫೋನಿನ ಕಂಪನಿಯ ಗುರುತು ಮೂಡುವುದು, ಆರುವುದು, ಮತ್ತೆ ಮೂಡುವುದು ನಡೆದಿತ್ತು. ಅದರ ಪಕ್ಕದಲ್ಲಿ ತಟ್ಟೆ. ಮೇಲಿನ ತಟ್ಟೆ ಎತ್ತಿದರೆ ಎರಡು ರೊಟ್ಟಿ, ಪುಂಡಿಪಲ್ಯ, ಚಟ್ನಿಪುಡಿ, ಒಂದು ತುತ್ತೂ ಮುರಿದಿರಲಿಲ್ಲ. ಪಕ್ಕದ ಫ್ಲ್ಯಾಟಿನವರು ಆಂಬುಲೆನ್ಸಿಗೆ ಫೋನು ಮಾಡಿ, ದಾರಿ ತೋರಿಸಲು ಕೆಳಗೆ ಓಡಿದರು. ಚಿನ್ನಿ ಟ್ಯೂಶನ್ನಿನಿಂದ ಇನ್ನೂ ಬಂದಿರಲಿಲ್ಲ, ನಾನೊಬ್ಬಳೇ ನಿಮ್ಮ ಹತ್ತಿರ ಇದ್ದೆ. ಆ ಹೊತ್ತಿನಲ್ಲಿ ನಾನೇನು ಮಾಡಿದೆ? ರೊಟ್ಟಿಯನ್ನು ಚೀಲಕ್ಕೆ ಹಾಕಿ ಕಸದ ಬುಟ್ಟಿಗೆ ಹಾಕಿದೆ. ತಟ್ಟೆ ತೊಳೆದೆ. ನೀವು ಅಲ್ಲೇ ಕೂತಿರುವಾಗ, ನಿಮ್ಮ ಬೆನ್ನ ಹಿಂದೆ, ನಲ್ಲಿ ಬಿಟ್ಟು…

ನಿಮ್ಮ ಮಗ ಮದೀನತ್ ಜಾಯೆದ್‌ನಿಂದ ಹೊರಟವರು ದಾರಿಯಿಂದಲೇ ಫೋನು ಮಾಡಿದರು. ಅವರು ಕೇಳಿದ್ದು ಎರಡೇ ಮಾತು. ಮಧ್ಯಾಹ್ನ ಅವ್ವನ ಜೊತೆ ಮಾತಾಡಿದ್ಯಾ? ಫೋನು ಮಾಡಿದ್ದೆ, ಸ್ವಿಚ್ ಆಫ್ ಬಂತು ಅಂದೆ. ಉಂಡಿದ್ದಳಾ? ತಟ್ಟೆ ತೊಳೆದಿತ್ತು ಅಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು, ಅತ್ತಿ. ಹೃದಯ ನಿಂತದ್ದು, ಮಧ್ಯಾಹ್ನವೇ ಆಗಿರಬೇಕು ಅಂದರು ಡಾಕ್ಟರು. ಮಾತ್ರೆ ನುಂಗಿ ಉಣ್ಣದೆ ಕೂತಿದ್ದಕ್ಕೆ ಹೀಗಾಯಿತೇ ಅಂತ ಕೇಳುವುದಿತ್ತು. ಕೇಳಲಿಲ್ಲ. ಈಗಲೂ ಕೇಳಿಲ್ಲ.

ಊರಿನಲ್ಲಿ ಕಾರ್ಯ ಮುಗಿಸಿ ವಾಪಸು ಬಂದ ದಿನ ಚಿನ್ನಿ ನಿಮ್ಮ ಫೋನನ್ನು ಚಾರ್ಜಿಗೆ ಹಾಕಿದಳು. ಮತ್ತೆ ಅದೇ ಗುರುತು, ಮೂಡುವುದು, ಆರುವುದು. “ಇಟ್ಸ್ ಬ್ರೀದಿಂಗ್, ಮಮ್ಮಾ” ಅಂದಳು. ನಾನು ವೈರು ಕಿತ್ತು ಡ್ರಾಯರಿಗೆ ಹಾಕಿದೆ. ಆದರೆ ಆ ಡ್ರಾಯರಿನ ಪಕ್ಕ ಹೋಗುವಾಗೆಲ್ಲ ಒಳಗೆ ಅದು ಮೂಡಿ ಆರುತ್ತಿದೆ ಅನ್ನಿಸುತ್ತಿತ್ತು. ಚಾರ್ಜೇ ಇಲ್ಲ ಅಂತ ಗೊತ್ತಿದ್ದೂ ಎರಡು ಸಲ ತೆಗೆದು ನೋಡಿದ್ದೇನೆ. ನೀವು ಕೂತಿದ್ದ ಕುರ್ಚಿಯನ್ನು ಬಾಲ್ಕನಿಗೆ ಹಾಕಿದೆ. ಅಲ್ಲಿಯೂ ಅದು ಅಡುಗೆಮನೆಯ ಕಡೆಗೇ ಮುಖ ಮಾಡಿ ಕೂತಿದೆ.

ನಿಮ್ಮ ಮಗನಿಗೆ ಆ ಫೋನು ಬೇಕಿತ್ತು. ಅದರಲ್ಲಿ ಅವ್ವನ ದನಿ ಇರುತ್ತದೆ, ಸರಿಮಾಡಿಸು ಅಂತ ವಾರವಾರ ಕೇಳಿದರು. ನನಗೂ ಬೇಕಿತ್ತು, ಬೇರೆ ಕಾರಣಕ್ಕೆ. ಅದು ಕೆಟ್ಟು ನಿಂತದ್ದು ಎಷ್ಟು ಹೊತ್ತಿಗೆ? ಹನ್ನೆರಡೂವರೆಗೆ ಮೊದಲೇ ನಿಂತಿದ್ದರೆ, ನಾನು ಫೋನು ಮಾಡಿದ್ದರೂ ನಿಮಗೆ ಮುಟ್ಟುತ್ತಿರಲಿಲ್ಲ. ನನ್ನ ಸುಳ್ಳು ಹೆಚ್ಚುಕಡಿಮೆ ನಿಜವೇ ಆಗುತ್ತಿತ್ತು. ಆಮೇಲೆ ನಿಂತಿದ್ದರೆ? ಅಷ್ಟು ತಿಳಿದರೆ ಸಾಕಿತ್ತು. ತಿಳಿಯದಿದ್ದರೂ ಸಾಕಿತ್ತು.

ದವಾಖಾನೆಯ ಕೆಳಗೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಪುತ್ತೂರಿನ ಬ್ಯಾರಿಯವರ ಕೌಂಟರಿನ ಮೇಲೆ ಒಂದು ದಿನ ಅದನ್ನು ಇಟ್ಟೆ. “ಎಲ್ಲ ತೊಳೆದು ಹಾಕುವುದಾದ್ರೆ ಹತ್ತು ನಿಮಿಷದ ಕೆಲಸ ಮೇಡಂ. ಒಳಗೆ ಇರುವುದು ಉಳೀಬೇಕಾ?” ಅಂದರು. ಬಿಟ್ಟು ಹೋಗಿ ಅಂದರೆ ನನಗೆ ಮನಸ್ಸು ಬರಲಿಲ್ಲ, ನನಗಿಂತ ಮೊದಲು ಬೇರೆಯವರು ನೋಡುವುದು ಬೇಡವಿತ್ತು. ಅವರಿಗೆ ಏನು ಅನ್ನಿಸಿತೋ, ಕಂಪ್ಯೂಟರ್ ಎಲ್ಲ ಎಂತಕ್ಕೆ, ನೀವೇ ಮಾಡಬಹುದು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಇದೇ ಮಾಡೆಲಿನ ಸಾಫ್ಟ್‌ವೇರ್ ಫೈಲನ್ನು ನನ್ನ ಫೋನಿನಲ್ಲಿ ಇಳಿಸಿಕೊಂಡು ಮೆಮೊರಿ ಕಾರ್ಡಿಗೆ ಹಾಕಬೇಕು. ಕಾರ್ಡನ್ನು ನಿಮ್ಮ ಫೋನಿಗೆ ತುಂಬಿ, ದನಿ ಹೆಚ್ಚಿಸುವ ಗುಂಡಿ ಮತ್ತು ಪವರ್ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರ ಬರುತ್ತವೆ. ಕಾರ್ಡಿನಿಂದ ಹೊಸದಾಗಿ ಹಾಕಿಕೋ ಅನ್ನುವ ಸಾಲನ್ನು ಆರಿಸಬೇಕು. “ಅದರ ಕೆಳಗಿನ ಸಾಲು ಮಾತ್ರ ಒತ್ತಬೇಡಿ ಮೇಡಂ. ಅದು ಒತ್ತಿದ್ರೆ ಖಲಾಸ್, ಮತ್ತೆ ಎಂತ ಸಿಗ್ಲಿಕ್ಕಿಲ್ಲ.”

ಮೊನ್ನೆ ಶನಿವಾರ ಬೆಳಗ್ಗೆ ನಿಮ್ಮ ಮಗ ಚಿನ್ನಿಯನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋದರು. ನಾನು ಕಟ್ಟೆ ಒರೆಸಿ ಎಲ್ಲ ಹರಡಿಕೊಂಡು ಕೂತೆ. ಗುಂಡಿ ಒತ್ತಿದೆ, ಸಾಲುಗಳು ಬಂದವು. ಆ ಪರದೆಗೆ ಬೆರಳಿನ ಸ್ಪರ್ಶ ತಿಳಿಯುವುದಿಲ್ಲ, ದನಿಯ ಗುಂಡಿಯಿಂದಲೇ ಒಂದೊಂದು ಸಾಲು ಇಳಿಯಬೇಕು. ಇಳಿದೆ. ಕಾರ್ಡಿನ ಸಾಲು ಬಂತು. ಇನ್ನೊಂದು ಸಲ ಒತ್ತಿದೆ, ಅತ್ತಿ. ಬೇಕಂತಲೇ ಒತ್ತಿದೆ. ಎಲ್ಲ ಅಳಿಸು ಅನ್ನುವ ಸಾಲು ಬೆಳಗುತ್ತಿತ್ತು, ಒತ್ತಿದರೆ ಅದಕ್ಕೆ ಒಪ್ಪಿಗೆ ಕೊಡುವ ಪವರ್ ಗುಂಡಿಯ ಮೇಲೆ ಬೆರಳಿತ್ತು. ಏನೋ ತಪ್ಪಾಯಿತು, ಎಲ್ಲ ಹೋಯಿತು ಅಂದರೆ ಯಾರು ಕೇಳುತ್ತಿದ್ದರು? ಆದರೆ ಕಾರ್ಡು ತುಂಬಲು ಕಳಚಿದ ಹಿಂಬದಿಯ ಕವರು ಪಕ್ಕದಲ್ಲೇ ಇತ್ತು. ಅದರ ಅಂಚಿನ ಸುತ್ತ ಒಳಗಡೆ ಜೋಳದ ಹಿಟ್ಟು ಬಿಳಿ ಗೆರೆಯಾಗಿ ಕಟ್ಟಿತ್ತು. ನಿಮ್ಮ ಬೆರಳಿನ ಹಿಟ್ಟು. ನಾನು ಒಂದು ಸಾಲು ಮೇಲೆ ಹೋದೆ.

ಅರ್ಧ ತಾಸು ಹಿಡಿಯಿತು. ಕೆಲಸ ಎಷ್ಟಾಯಿತು ಅಂತ ಪರದೆಯ ಮೇಲೆ ತೋರಿಸುವ ಗೆರೆ ತುಂಬಿತು, ಫೋನು ಆರಿತು, ಗುರುತು ಮೂಡಿತು. ಈ ಸಲ ಆರಲಿಲ್ಲ. ಪರದೆಯ ಮೇಲೆ ಒಂಬತ್ತು ಚುಕ್ಕಿ ಬಂದು ನಿಂತವು, ನಿಮ್ಮ ಕೀಲಿ ಕೇಳುತ್ತ. ತೋಚಿದ ಹಾಗೆ ಮೂರು ಸಲ ಎಳೆದೆ, ಮೂರೂ ತಪ್ಪು. ಆಗ ಹಿಟ್ಟಿನ ರಂಗೋಲಿ ಕಲಿಸುತ್ತ ನೀವು ಚಿನ್ನಿಗೆ ಹೇಳುತ್ತಿದ್ದದ್ದು ನೆನಪಾಯಿತು, “ನಡುವಿನ ಚುಕ್ಕಿಯಿಂದ ಹೊರಡಬೇಕು, ಬಲಕ್ಕ ಸುತ್ತಬೇಕು, ಒಂದೂ ಚುಕ್ಕಿ ಬಿಡಬಾರದು.” ಜೋಳದ ಹಿಟ್ಟಿನ ಡಬ್ಬಿ ತೆಗೆದು ಒಂದು ಚಿಟಿಕೆ ಹಿಟ್ಟು ಕಟ್ಟೆಯ ಮೇಲೆ ಹರಡಿದೆ. ನೀವು ಹೋದ ಮೇಲೆ ಆ ಡಬ್ಬಿ ಮುಟ್ಟಿರಲಿಲ್ಲ. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ನಡುವಿನಿಂದ ಮೇಲಕ್ಕೆ, ಅಲ್ಲಿಂದ ಬಲಕ್ಕೆ, ಸುತ್ತಿಕೊಂಡು ಬಂದು ಎಡಮೂಲೆಯಲ್ಲಿ ನಿಲ್ಲುವುದು. ಕೈ ನನ್ನದು ಅನ್ನಿಸಲಿಲ್ಲ. ಅದೇ ಬೆರಳಿನಿಂದ ಗಾಜಿನ ಮೇಲೆ ಎಳೆದೆ. ತೆರೆದುಕೊಂಡಿತು.

ಫೋನಿಗೆ ಮನೆಯ ವೈಫೈ ನೆನಪಿತ್ತು. ನಾನು ಇನ್ನೂ ಏನನ್ನೂ ಮುಟ್ಟಿರಲಿಲ್ಲ, ಅಷ್ಟರಲ್ಲಿ ನನ್ನ ಪಕ್ಕದಲ್ಲಿದ್ದ ನನ್ನ ಫೋನು ಸದ್ದು ಮಾಡಿತು. ನಿಮ್ಮ ಹೆಸರು. ನಿಮ್ಮಿಂದ ಒಂದು ಧ್ವನಿ ಸಂದೇಶ. ಅವತ್ತು ಕಳಿಸಲು ಒತ್ತಿದ್ದು, ಹೋಗುವ ಮೊದಲೇ ಫೋನು ನಿಂತು, ನಲವತ್ತಾರು ದಿನ ಒಳಗೇ ಕಾದಿತ್ತು. ನಿಮ್ಮ ಫೋನಿನಲ್ಲಿ ಅದರ ಕೆಳಗೆ ಹೊತ್ತು ಬರೆದಿತ್ತು. ಒಂದು ಗಂಟೆ ಹತ್ತು ನಿಮಿಷ. ಅಂದರೆ ಹನ್ನೆರಡೂವರೆಗೆ ಫೋನು ನೆಟ್ಟಗೇ ಇತ್ತು. ಅದನ್ನು ಎದುರಿಗಿಟ್ಟುಕೊಂಡು ನೀವು ಕೂತಿದ್ದಿರಿ.

ಎಷ್ಟು ಹೊತ್ತಾದ ಮೇಲೆ ಕೇಳಿದೆನೋ ಗೊತ್ತಿಲ್ಲ. “ಸವಿತಾ, ನಂದು ಊಟ ಆತವಾ. ನೀ ಫೋನ್ ಮಾಡ್ತಿ ಅಂತ ನಾ ಏನೂ ಕಾಯಲಿಲ್ಲ, ಉಂಡ ಬಿಟ್ಟೆ. ಗದ್ದಲ ಇದ್ದೀತು ನಿನಗ. ಮುಂಜಾನಿದ ಮನಸಿನ್ಯಾಗ ಇಟ್ಕೋಬ್ಯಾಡ. ಗುಡ್ ಮಾರ್ನಿಂಗ್ ಎಲ್ಲಾ ಅಳಿಸಾಕತ್ತೀನಿ ನೋಡು, ಅರ್ಧ ಆಗ್ಯಾವ. ನೀ ಉಣ್ಣು.” ನಿಮ್ಮ ದನಿಯ ಹಿಂದೆ ನಮ್ಮ ಫ್ರಿಜ್ಜಿನ ಗುಂಯ್ ಸದ್ದು. ಅದೇ ಫ್ರಿಜ್ಜು ನಾನು ಕೇಳುವಾಗಲೂ ನನ್ನ ಹಿಂದೆ ಗುಂಯ್ ಅನ್ನುತ್ತಿತ್ತು. ತಟ್ಟೆ ಮುಚ್ಚಿಟ್ಟುಕೊಂಡು, ಅದರ ಪಕ್ಕದಲ್ಲೇ ಕೂತು, ಉಂಡೆ ಅಂತ ಹೇಳಿದಿರಲ್ಲ, ಅತ್ತಿ. ನನ್ನ ಹಟ ನಿಮಗೆ ಗೊತ್ತಾಗಿತ್ತೇ? ಗೊತ್ತಾಗಿಯೂ…

ನಿಮ್ಮ ಮಗ ಒದ್ದೆ ಟವೆಲು ಹೆಗಲಿಗೆ ಹಾಕಿಕೊಂಡು ಬಂದರು. ಚಿನ್ನಿಯನ್ನು ಸ್ನಾನಕ್ಕೆ ಕಳಿಸಿ ಅವರಿಗೆ ಕೇಳಿಸಿದೆ. ಮೂರು ಸಲ ಕೇಳಿದರು. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. “ಅವ್ವ ಉಂಡಿದ್ಲು. ಹಸದು ಹೋಗ್ಲಿಲ್ಲ ಬಿಡು” ಅಂದರು. ತಟ್ಟೆ ತೊಳೆದಿತ್ತು ಅಂದ ನನ್ನ ಮಾತನ್ನು ಇಷ್ಟು ದಿನ ಅವರು ಪೂರ್ತಿ ನಂಬಿರಲಿಲ್ಲ ಅಂತ ಆಗ ತಿಳಿಯಿತು. ನಾನೂ ಪಕ್ಕದಲ್ಲಿ ಕೂತು ಹೇಳಿದೆ, ಅವತ್ತು ನಾನು ಫೋನು ಮಾಡಿರಲಿಲ್ಲ, ಸಿಟ್ಟಿನಿಂದ ಮಾಡಿರಲಿಲ್ಲ, ಅವರಿಗೆ ಸುಳ್ಳು ಹೇಳಿದ್ದೆ ಅಂತ. ಅವರು ಹೆಗಲ ಮೇಲಿನ ಟವೆಲು ತೆಗೆದು ಮಡಿಚಿದರು. ನನ್ನ ಮುಖ ನೋಡಲಿಲ್ಲ. ಕೊನೆಗೆ, “ನಾನರ ಅವತ್ತು ಎಲ್ಲಿ ಫೋನ್ ಮಾಡಿದ್ದೆ” ಅಂದರು. ಕ್ಷಮಿಸಿದರೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ರೊಟ್ಟಿಯ ವಿಷಯವೂ ನಾಲಿಗೆಯ ತುದಿಗೆ ಬಂದಿತ್ತು. ಎಲ್ಲ ಹೇಳಿ ಹಗುರಾಗಬೇಕು ಅಂತಲೇ ಕೂತಿದ್ದೆ. ಆದರೆ ಅವರು ನಾಲ್ಕನೆಯ ಸಲ ನಿಮ್ಮನ್ನು ಕಿವಿಗೆ ಹಿಡಿದುಕೊಂಡಿದ್ದರು, ನಂದು ಊಟ ಆತವಾ ಅಂತ ನೀವು ಹೇಳುತ್ತಿದ್ದಿರಿ. ಬಾಯಿ ಮುಚ್ಚಿದೆ. ನನ್ನ ಸುಳ್ಳನ್ನು ಒಪ್ಪಿಕೊಂಡಿದ್ದೇನೆ. ನಿಮ್ಮದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ, ಇದು ನಿಮಗೆ ನಾನು ಕೊಡುವ ಮಾತು.

ನಿಮ್ಮ ಸಿಮ್ಮಿಗೆ ರೀಚಾರ್ಜ್ ಹಾಕಿಸಿದ್ದೇನೆ. ಫೋನು ಕಟ್ಟೆಯ ಮೇಲೇ ಇದೆ. ಹನ್ನೆರಡೂವರೆಗೆ ಕೌಂಟರಿನಿಂದ ಫೋನು ಮಾಡುತ್ತೇನೆ. ಯಾರೂ ಇಲ್ಲದ ಮನೆಯಲ್ಲಿ ಅದು ಪೂರ್ತಿ ಹೊಡೆದುಕೊಂಡು ತಾನೇ ನಿಲ್ಲುತ್ತದೆ. ನಿಂತ ಮೇಲೆ ನನ್ನ ಊಟದ ಡಬ್ಬಿ ತೆರೆಯುತ್ತೇನೆ. ನಿಮ್ಮ ಮಗನಿಗೆ ನೀವು ಉಂಡಿದ್ದೀರಿ, ಅತ್ತಿ. ನನಗೆ ಮಾತ್ರ ಇನ್ನೂ ಕಾಯುತ್ತಲೇ ಕೂತಿದ್ದೀರಿ.

ಸವಿತಾ