ಶಾಸಕರ ಅತಿ ದೊಡ್ಡ ದಾನಿ

ಸೋಮವಾರ, ಹದಿನಾಲ್ಕನೇ ತಾರೀಕು
ಪ್ರೆಸ್ಸಿನಿಂದ, ಬೆಳಗ್ಗೆ ಎಂಟು ಗಂಟೆ

ಪ್ರೀತಿಯ ಗಲಾಟೆ ತಮ್ಮನಿಗೆ,

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ಚುನಾವಣೆ ಹತ್ತಿರ ಬಂದಿದೆ, ಪ್ರೆಸ್ಸಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ ಎಂದು ನೆಪ ಹೇಳಬಹುದಿತ್ತು. ನಿಜ ಅದಲ್ಲ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಡುತ್ತೇನೆ. ಕಾಗದವಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಮಂಡಿ ನೋವು ಸ್ವಲ್ಪ ಕಡಿಮೆ. ಬೈಂಡಿಂಗ್ ಮೇಜಿನ ಹತ್ತಿರ ಎತ್ತರದ ಸ್ಟೂಲು ಹಾಕಿಸಿಕೊಂಡು ಅಲ್ಲೇ ದರ್ಬಾರು ನಡೆಸುತ್ತಾರೆ. ಎಡಗೈಯಲ್ಲಿ ಉಳಿದಿರುವ ಮೂರು ಬೆರಳಲ್ಲಿ ಅವರು ಕಾಗದ ಮಡಿಚುವ ವೇಗ ನೋಡಿದರೆ ಹತ್ತು ಬೆರಳಿನವರು ನಾಚಿಕೊಳ್ಳಬೇಕು. ಹಳೆಯ ಮಿಷನ್ನಿಗೆ ಹೊಸ ರೋಲರ್ ಹಾಕಿಸಿದೆ. ಅಚ್ಚು ಈಗ ಕನ್ನಡಿಯ ಹಾಗೆ ಬೀಳುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟ ಮೇಡಂ ನೆನಪಿದ್ದಾರಲ್ಲ? ನಿವೃತ್ತಿಯಾದ ಮೇಲೂ ಸುಮ್ಮನೆ ಕೂರುವ ಜೀವವಲ್ಲ ಅದು. ನಾಲ್ಕೈದು ಜನ ಮತದಾರರನ್ನು ಸೇರಿಸಿಕೊಂಡು ಒಂದು ಕರಪತ್ರ ತಯಾರಿಸಿದ್ದಾರೆ. ನಮ್ಮ ಶಾಸಕರು ಯಾರು, ಅವರ ಚುನಾವಣೆಗೆ ದುಡ್ಡು ಎಲ್ಲಿಂದ ಬಂತು, ಶಾಸನಸಭೆಯಲ್ಲಿ ಯಾವುದಕ್ಕೆ ಕೈ ಎತ್ತಿದರು, ಇಷ್ಟೇ ವಿಷಯ. ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ಅದನ್ನು ಅಚ್ಚು ಹಾಕಿಸಲು ನನ್ನ ಹತ್ತಿರವೇ ತಂದರು.

"ಬೇರೆ ಪ್ರೆಸ್ಸಿಗೆ ಕೊಡಬಹುದಿತ್ತು ಕಣಮ್ಮ. ಆದ್ರೆ ನಿನ್ನಷ್ಟು ಚೆನ್ನಾಗಿ ತಪ್ಪು ಹಿಡಿಯೋರು ಈ ಊರಲ್ಲಿ ಯಾರಿದ್ದಾರೆ ಹೇಳು. ನಿನ್ನ ತಮ್ಮನ ವಿಷಯ ಅಂತ ಬೇಡ ಅಂದ್ರೆ ನನಗೇನೂ ಬೇಜಾರಿಲ್ಲ," ಎಂದರು.

ಬೇಡವೆನ್ನಲು ನನಗೆ ಏನೂ ಕಾರಣವಿರಲಿಲ್ಲ. ಮುಚ್ಚಿಡುವಂಥದ್ದು ನಿನ್ನಲ್ಲಿ ಏನಿದೆ ಎಂದು ಒಪ್ಪಿಕೊಂಡೆ, ಕೆಂಪು ಪೆನ್ನು ಹಿಡಿದು ಕೂತೆ.

ಮೊದಲನೆಯ ಭಾಗದಲ್ಲಿ ನಿನ್ನ ಹಿನ್ನೆಲೆ ಇತ್ತು. 'ಬೀದಿ ದೀಪದ ಕೆಳಗೆ ಓದಿ ಮೇಲೆ ಬಂದವರು' ಎಂದು ನಿನ್ನ ಹಳೆಯ ಕರಪತ್ರದಿಂದಲೇ ಎತ್ತಿ ಬರೆದಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಬೀದಿ ದೀಪ ಎಲ್ಲಿತ್ತು ಮಹಾರಾಯ? ನಮ್ಮ ಮನೆಯಲ್ಲಿ ದೀಪವಿತ್ತು, ಅದರ ಕೆಳಗೆ ಮೇಜಿತ್ತು, ಮೇಜಿನ ಮೇಲೆ ನೀನು ಜೊಲ್ಲು ಸುರಿಸಿಕೊಂಡು ಮಲಗಿರುತ್ತಿದ್ದೆ. ಪುಸ್ತಕ ಮುಚ್ಚಿ ಎತ್ತಿಡುತ್ತಿದ್ದವಳು ನಾನು. ಆ ಹಳೆಯ ಕರಪತ್ರ ಅಚ್ಚು ಹಾಕುವಾಗಲೂ ನಕ್ಕಿದ್ದೆ, ಇರಲಿ ಬಿಡು ಎಂದು ಬಿಟ್ಟಿದ್ದೆ. ಈ ಸಲ ಆ ಸಾಲು ಹೊಡೆದು ಹಾಕಿದೆ.

ಎರಡನೆಯ ಭಾಗಕ್ಕೆ ಬಂದಾಗ ನಗು ನಿಂತುಹೋಯಿತು. ಕಳೆದ ಚುನಾವಣೆಯಲ್ಲಿ ನಿನಗೆ ದೇಣಿಗೆ ಕೊಟ್ಟವರ ಪಟ್ಟಿ. ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡ ಮೊತ್ತದ ಎದುರಿಗೆ ಇದ್ದದ್ದು ನನ್ನ ಹೆಸರು. ಒಂಬತ್ತು ಲಕ್ಷ. ಸೊನ್ನೆ ಹೆಚ್ಚು ಬಿದ್ದಿದೆ, ಜೋಡಿಸಿದವರ ತಪ್ಪು ಎಂದುಕೊಂಡು ಕೆಂಪು ಗುರುತು ಹಾಕಿಬಿಟ್ಟೆ. ಮೇಡಂ ಚೀಲದಿಂದ ಚುನಾವಣಾ ಕಚೇರಿಯಲ್ಲಿ ಪಡೆದ ದೇಣಿಗೆ ಅರ್ಜಿಯ ನಕಲು ತೆಗೆದು ಮುಂದಿಟ್ಟರು.

"ತಪ್ಪೇನಿಲ್ಲ, ನೋಡು. ಅಲ್ಲಮ್ಮ, ಇಷ್ಟೊಂದು ದುಡ್ಡು ನಿನ್ನ ಹತ್ರ ಇದ್ರೆ, ಕಾಗದ ತರೋಕೆ ಅಂತ ನನ್ನ ಹತ್ರ ಮುಂಗಡ ಯಾಕೆ ಇಸ್ಕೊಂಡೆ?" ಎಂದರು.

ಕೆಳಗಿದ್ದದ್ದು ನನ್ನದೇ ಸಹಿ. ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಅವತ್ತು ಮಧ್ಯಾಹ್ನ ನೀನು ಅವಸರದಲ್ಲಿ ಬಂದೆ. "ಅಕ್ಕ, ನೀನು ಪುಕ್ಕಟೆ ಹೊಡೆದುಕೊಟ್ಟ ಪೋಸ್ಟರು ಕೂಡ ದೇಣಿಗೆ ಅಂತ ತೋರಿಸ್ಬೇಕಂತೆ. ಇಲ್ಲೊಂದು ಸಹಿ ಹಾಕು, ಮಿಕ್ಕಿದ್ದು ನಾನು ತುಂಬಿಸ್ಕೋತೀನಿ," ಎಂದೆ. ಮೂವತ್ತು ವರ್ಷದಿಂದ ಒಂದೊಂದು ಅಕ್ಷರ ಓದದೆ ಯಾವ ಹಾಳೆಯನ್ನೂ ಮಿಷನ್ನಿಗೆ ಬಿಟ್ಟವಳಲ್ಲ ನಾನು. ಗಿರಾಕಿಯೇ ಪರವಾಗಿಲ್ಲ ಎಂದರೂ ಕೇಳುವುದಿಲ್ಲ. ಅಂಥವಳು ಅವತ್ತು ಖಾಲಿ ಅರ್ಜಿಗೆ ಕಣ್ಣು ಮುಚ್ಚಿ ಸಹಿ ಹಾಕಿದೆ. ತಮ್ಮ ತಂದ ಕಾಗದದಲ್ಲಿ ಓದುವುದೇನಿದೆ ಎಂದುಕೊಂಡೆ.

ಆ ಹಣ ಯಾರದು ಎಂದು ನಾನು ಬರೆಯುವುದಿಲ್ಲ, ನಾನು ಕಂಡಿಲ್ಲ. ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಯಜಮಾನರ ಗುಮಾಸ್ತ ಆ ವಾರ ಎರಡು ಸಲ ಬಂದು ನಮ್ಮ ಕಾಗದದ ಕೋಣೆಯಲ್ಲಿ ನಿನ್ನ ಜೊತೆ ಬಾಗಿಲು ಹಾಕಿಕೊಂಡು ಕೂತಿದ್ದನ್ನು ಕಂಡಿದ್ದೇನೆ. ಅಷ್ಟು ಮಾತ್ರ ಹೇಳಬಲ್ಲೆ.

ಅದೇ ಕಾರ್ಖಾನೆ. ನಿನ್ನ ಭಾವನ ಎರಡು ಬೆರಳು ಅಲ್ಲಿನ ಕತ್ತರಿಸುವ ಮಿಷನ್ನಿಗೆ ಹೋದದ್ದನ್ನು ನಿನಗೆ ನೆನಪಿಸಬೇಕೆ? ಕೈ ಒಳಗೆ ಹೋಗದಂತೆ ತಡೆಯುವ ಅಡ್ಡಪಟ್ಟಿಯೇ ಮಿಷನ್ನಿಗೆ ಇರಲಿಲ್ಲ. ಅವರನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ನೀನು. ಆ ಸಿಟ್ಟಿನಲ್ಲೇ ಚುನಾವಣೆಗೆ ನಿಂತೆ, ಗೆದ್ದೆ, ಇನ್ಸ್‌ಪೆಕ್ಟರು ಹೇಳದೆ ಕೇಳದೆ ಯಾವಾಗ ಬೇಕಾದರೂ ಕಾರ್ಖಾನೆಗೆ ನುಗ್ಗಿ ಮಿಷನ್ನು ನೋಡಬಹುದೆಂಬ ಕಾನೂನು ಬರುವ ತನಕ ಗಂಟಲು ಹರಿದುಕೊಂಡೆ. ನಾನು ನಿನ್ನನ್ನು ತಲೆಯ ಮೇಲೆ ಕೂರಿಸಿಕೊಂಡು ಮೆರೆದದ್ದು ಅದಕ್ಕೇ.

ನೀನು ಎರಡನೆಯ ಸಲ ಗೆದ್ದ ಮೇಲೆ, ಹೋದ ವರ್ಷ, ಶಾಸನಸಭೆಯಲ್ಲಿ ಆ ಕಾನೂನನ್ನು ಬದಲಿಸಿದರು. ಈಗ ಇನ್ಸ್‌ಪೆಕ್ಟರು ಬರುವುದಕ್ಕೆ ಒಂದು ತಿಂಗಳು ಮೊದಲೇ ನೋಟಿಸು ಕೊಡಬೇಕು. ಅವರು ಬರುವ ದಿನ ಅಡ್ಡಪಟ್ಟಿ ಹಾಕುತ್ತಾರೆ, ಹೋದ ಮೇಲೆ ಬಿಚ್ಚಿಡುತ್ತಾರೆ. ಕರಪತ್ರದ ಮೂರನೆಯ ಭಾಗದಲ್ಲಿ ಇದರ ಎದುರಿಗೆ ಮೇಡಂ ಬರೆದಿದ್ದದ್ದು 'ಧ್ವನಿಮತ, ಶಾಸಕರ ನಿಲುವು ದಾಖಲಾಗಿಲ್ಲ' ಎಂದು. ಪತ್ರಿಕೆಯವರ ಮುಂದೆ ನೀನು ಹೇಳಿದ್ದು, ನಾನು ವಿರೋಧಿಸಿದೆ, ಬಹುಮತದ ಮುಂದೆ ನನ್ನದೇನು ನಡೆಯುತ್ತದೆ ಎಂದು. ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ನನ್ನ ಹತ್ತಿರ ಹೇಳಿದ್ದು ಬೇರೆ. "ಎಲ್ಲರೂ ಹೌದು ಅಂದ್ರು, ನಾನೂ ಹೌದು ಅಂದೆ ಅಕ್ಕ. ಎಲ್ಲ ಒಟ್ಟಿಗೆ ಕೂಗಿದಾಗ ಯಾರು ಏನಂದ್ರು ಅಂತ ಯಾರಿಗೆ ಗೊತ್ತಾಗುತ್ತೆ?" ಭಾವ ಹೊರಗೆ ಇದ್ದಾರೆಂದು ನೀನು ಅಂದುಕೊಂಡಿದ್ದೆ. ಬಾಗಿಲ ಹಿಂದೆಯೇ ಇದ್ದರು. ಆಮೇಲೆ ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ವರ್ಷ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ನನ್ನ ತಪ್ಪಿನಲ್ಲಿ ಇದೂ ಒಂದು.

ಹಾಗಾಗಿ ಕೇಳು, ನಾನೇನು ಮಾಡಿದ್ದೇನೆ ಎಂದು. ಶುಕ್ರವಾರ ಚುನಾವಣಾ ಕಚೇರಿಗೆ ಹೋಗಿ, ಈ ಒಂಬತ್ತು ಲಕ್ಷ ನಾನು ಕೊಟ್ಟದ್ದಲ್ಲ, ಖಾಲಿ ಅರ್ಜಿಗೆ ಸಹಿ ಹಾಕಿದ್ದು ಮಾತ್ರ ನಾನೇ ಎಂದು ಬರೆದು ಕೊಟ್ಟೆ. ಅಲ್ಲಿನ ಅಧಿಕಾರಿ ಒಳ್ಳೆಯ ಹೆಂಗಸು. "ನಿಮ್ಮ ಮೇಲೂ ಕೇಸು ಆಗಬಹುದು. ಯೋಚನೆ ಮಾಡಿ, ನಾಳೆ ಬನ್ನಿ," ಎಂದರು. ಐದು ದಿನ ಯೋಚನೆ ಮಾಡಿಯೇ ಬಂದಿದ್ದೇನೆ ಎಂದು ಹೇಳಿ ಸ್ವೀಕೃತಿ ಮೊಹರು ಹಾಕಿಸಿಕೊಂಡೆ. ಕೇಸಾದರೆ ನಮಗೆ ಬರುತ್ತಿರುವ ಸರ್ಕಾರಿ ಫಾರಂಗಳ ಕೆಲಸ ನಿಲ್ಲುತ್ತದೆ. ಪ್ರೆಸ್ಸಿನ ಅರ್ಧ ಆದಾಯ ಅದೇ. ಭಾವನಿಗೆ ಹೇಳಿದೆ. ಅವರು ಹಾಳೆ ಮಡಿಚುತ್ತಲೇ, "ಅರ್ಧ ಹೋದ್ರೆ ಅರ್ಧ ಇರುತ್ತಲ್ಲ. ನನ್ನ ಕೈ ನೋಡು, ನಡೀತಿಲ್ವಾ?" ಎಂದರು.

ಕರಪತ್ರದಲ್ಲಿ ದೇಣಿಗೆಯ ಸಾಲಿನ ಕೆಳಗೆ 'ಈ ಹಣ ನಾನು ಕೊಟ್ಟಿಲ್ಲ' ಎಂದು ನನ್ನ ಸಹಿಯ ಸಮೇತ ಹಾಕಿದ್ದೇನೆ. ಮತದ ಕಡೆ 'ಹೌದು ಎಂದಿದ್ದಾಗಿ ಶಾಸಕರೇ ತಮ್ಮ ಅಕ್ಕನ ಮುಂದೆ ಹೇಳಿದ್ದಾರೆ' ಎಂದು ಬರೆದಿದ್ದೇನೆ. ನಿನ್ನ ಮೊದಲ ಅವಧಿಯ ಕಾನೂನನ್ನೂ ಬಿಟ್ಟಿಲ್ಲ, ದಪ್ಪ ಅಕ್ಷರದಲ್ಲೇ ಹಾಕಿದ್ದೇನೆ. ಅದು ನಿನ್ನ ದುಡಿಮೆ, ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಗುರುವಾರ ಬೆಳಗ್ಗೆ ಹತ್ತಕ್ಕೆ ಮಿಷನ್ನು ಶುರುಮಾಡುತ್ತೇನೆ. ಅಷ್ಟರೊಳಗೆ ನೀನೇ ಬಂದು, ಆದದ್ದು ಹೀಗೆ ಎಂದು ನಿನ್ನ ಮಾತಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಅದಕ್ಕೂ ಜಾಗ ಬಿಟ್ಟಿದ್ದೇನೆ. ಅಳಬೇಡ, ಕೂಗಾಡಬೇಡ, ಅಮ್ಮನ ಹೆಸರು ಎತ್ತಬೇಡ. ಅದ್ಯಾವುದಕ್ಕೂ ನಾನು ಜಗ್ಗುವುದಿಲ್ಲ. ನಿನ್ನ ಮೇಲೆ ಪ್ರೀತಿ ಕಡಿಮೆಯಾಗಿ ಹೀಗೆ ಮಾಡುತ್ತಿದ್ದೇನೆಂದು ಮಾತ್ರ ತಿಳಿಯಬೇಡ.

ಗಂಟಲಿಗೆ ಬಿಸಿನೀರು ಕುಡಿಯುತ್ತಿರು, ಭಾಷಣದ ಮೇಲೆ ಭಾಷಣ ಮಾಡಿ ಕೆಡಿಸಿಕೊಳ್ಳಬೇಡ. ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಮುದ್ದು. ಗೆದ್ದರೂ ಸೋತರೂ ನಿನ್ನ ಮನೆ ತಣ್ಣಗಿರಲಿ, ನಿನ್ನ ಆಯುಸ್ಸು ಗಟ್ಟಿಯಾಗಿರಲಿ.

ನಿನ್ನ
ಅಕ್ಕ

ತಾ.ಕ.: ಅರ್ಜಿಯ ನಕಲಿನಲ್ಲಿ ಮೊತ್ತದ ಕೆಳಗೆ ಇನ್ನೊಂದು ಸಾಲಿದೆ. ಮೇಲೆ ಅದನ್ನು ಬರೆಯಲು ಕೈ ಬರಲಿಲ್ಲ. 'ದಾನಿಗೂ ಅಭ್ಯರ್ಥಿಗೂ ಇರುವ ಸಂಬಂಧ' ಎಂದು ಕೇಳಿದ್ದಾರೆ. ಅಲ್ಲಿ ನೀನು 'ಇಲ್ಲ' ಎಂದು ತುಂಬಿಸಿದ್ದೀಯ. ಹತ್ತಿರದ ನೆಂಟರು ಅಂದರೆ ಹಣ ಎಲ್ಲಿಂದ ಬಂತೆಂದು ಬೇರೆ ಪುರಾವೆ ಕೊಡಬೇಕಂತೆ, ಅದಕ್ಕೇ ಹಾಗೆ ಬರೆದಿರುತ್ತಾನೆ ಎಂದು ಮೇಡಂ ನನಗೆ ಸಮಾಧಾನ ಹೇಳಿದರು. ಇರಬಹುದು. ಅಕ್ಷರ ನಿನ್ನದೇ. ಲಕಾರಕ್ಕೆ ಒತ್ತು ಹಾಕುವುದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿನ್ನ ಕೈ ಹಿಡಿದು ತಿದ್ದಿಸಿದವಳು ನಾನು. ಆ ಸಾಲನ್ನು ಕರಪತ್ರಕ್ಕೆ ಹಾಕಿಲ್ಲ, ಅದು ಊರಿಗೆ ಬೇಕಾದ ಸಂಗತಿಯಲ್ಲ. ಉಳಿದ ತಪ್ಪುಗಳನ್ನೆಲ್ಲ ನಾನು ತಿದ್ದಿದೆ. ಅದೊಂದನ್ನು ನೀನೇ ಬಂದು ತಿದ್ದಬೇಕು.