ರುಫಿನೊ ಪೆಗೇರೊನ ಮರಣಪತ್ರ

ಲಾ ಪಾಲ್ಮಿತಾ ಕಬ್ಬಿನ ಕೇರಿ,
ಸಾನ್ ಪೆದ್ರೊ ದೆ ಮಾಕೊರಿಸ್
ಶನಿವಾರ, 20 ನವೆಂಬರ್ 1999

ರುಫಿನೊ ಅಣ್ಣನಿಗೆ ತಮ್ಮನ ವಂದನೆ.

ನೀನು ನನ್ನ ಹೆಸರನ್ನು ತೆಗೆದುಕೊಂಡು ಹೋಗಿ ಹಿಂದಿರುಗಿಸಲಿಲ್ಲ. ಅದರ ಬದಲಿಗೆ ನನಗೆ ಬಿಟ್ಟುಹೋಗಿದ್ದ ನಿನ್ನ ಹೆಸರನ್ನು ಈ ವರ್ಷ ನೀನೇ ಸಾಯಿಸಿದೆ. ಮೊದಲನೆಯದರಲ್ಲಿ ನನಗೂ ಪಾಲಿದೆ. ಎರಡನೆಯದು ಪೂರ್ತಿ ನಿನ್ನದು.

ಈ ಕಾಗದವನ್ನು ಅಂಗಡಿ ಚಿಚಿಯ ನಾದಿನಿ ನಾಳೆ ವಿಮಾನದಲ್ಲಿ ನೀನಿರುವ ದೇಶಕ್ಕೆ ಒಯ್ದು ಅಲ್ಲಿ ಅಂಚೆಗೆ ಹಾಕುತ್ತಾಳೆ. ಲಕೋಟೆಯ ಮೇಲೆ ಎಲಾದಿಯೊ ಪೆಗೇರೊ ಎಂದು ಬರೆದಿದ್ದೇನೆ. ಹಾಗೆ ಬರೆಯದಿದ್ದರೆ ಇದು ನಿನ್ನನ್ನು ಮುಟ್ಟುವುದಿಲ್ಲ. ನನ್ನ ಹೆಸರಿಗೆ ನಾನೇ ಕಾಗದ ಬರೆಯುತ್ತಿದ್ದೇನೆ, ಓದುವವನು ನೀನು.

ನನಗೆ ಮಗಳು ಹುಟ್ಟಿದ್ದಾಳೆ. ಅಕ್ಟೋಬರ್ ಇಪ್ಪತ್ತೆಂಟಕ್ಕೆ, ಇಲ್ಲೇ ಮನೆಯಲ್ಲಿ. ಮಗುವಿನ ತಾಯಿ ಸೊಲಾಂಜ್‌ಳ ಅಪ್ಪ ಅಮ್ಮ ಗಡಿಯಾಚೆಯಿಂದ ಕಬ್ಬು ಕಡಿಯಲು ಬಂದವರು. ಅವಳು ಇದೇ ಕೇರಿಯಲ್ಲಿ ಹುಟ್ಟಿ ಬೆಳೆದಿದ್ದರೂ ಅವಳ ಹೆಸರಿನಲ್ಲಿ ಒಂದು ಚೂರು ಕಾಗದವಿಲ್ಲ. ಮಗುವಿಗೆ ಈ ದೇಶದಲ್ಲಿ ಹೆಸರು ಸಿಗಬೇಕಾದರೆ ಅದು ಅಪ್ಪನ ಕಡೆಯಿಂದಲೇ ಸಿಗಬೇಕು. ಹನ್ನೆರಡನೇ ತಾರೀಕು ಶುಕ್ರವಾರ ನಿನ್ನ ಹೆಸರಿನ ಗುರುತಿನ ಚೀಟಿ ಹಿಡಿದು ನೋಂದಣಿ ಕಚೇರಿಗೆ ಹೋದೆ. ಗುಮಾಸ್ತೆ ದಪ್ಪ ಪುಸ್ತಕ ತಿರುವಿ, ಚೀಟಿ ನೋಡಿ, ನನ್ನ ಮುಖ ನೋಡಿದಳು.

'ರುಫಿನೊ ಪೆಗೇರೊ ಮಾರ್ಚ್ ಒಂಬತ್ತಕ್ಕೆ ಜ್ವರ ಬಂದು ತೀರ್ಕೊಂಡಿದಾರೆ. ಸತ್ತೋರು ಬಂದು ಮಗು ಬರೆಸೋ ಹಾಗಿಲ್ಲ ಕಣಪ್ಪ. ಮುಂದಿನವ್ರು ಬನ್ನಿ.'

ಸಾಲಿನಲ್ಲಿದ್ದವರು ನಕ್ಕರು. ನಾನು ಪುಟ ತೋರಿಸಲೇಬೇಕೆಂದು ಹಟ ಹಿಡಿದೆ. ಸಾಕ್ಷಿಗಳು ಇಬ್ಬರು. ಒಂದು ಸಹಿ, ನಿನ್ನನ್ನು ಹುಡುಕಿ ಬೇಸ್‌ಬಾಲ್ ತಂಡಕ್ಕೆ ಒಪ್ಪಿಸಿದ ದಲ್ಲಾಳಿ ತಾವಿತೊನದು. ಇನ್ನೊಂದು ಅಮ್ಮನ ಹೆಬ್ಬೆಟ್ಟು.

ಅಮ್ಮನನ್ನು ಕೇಳಿದೆ. ನಿನ್ನ ವೀಸಾಕ್ಕೆ ಬೇಕಾದ ಕಾಗದ ಎಂದು ತಾವಿತೊ ಹೇಳಿದ್ದನಂತೆ. ಅದರಲ್ಲಿ ಏನಿತ್ತೆಂದು ನಾನು ಹೇಳಿದ ಮೇಲೆ ಅವಳು ಇಡೀ ಸಂಜೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕೂತಿದ್ದಳು.

ಆಗಲೂ ನಾನು ನಿನ್ನನ್ನು ಅನುಮಾನಿಸಲಿಲ್ಲ. ಇದು ತಾವಿತೊನ ಕೆಲಸ, ಅಣ್ಣನಿಗೆ ಗೊತ್ತೇ ಇರಲಾರದು ಎಂದು ಸೊಲಾಂಜ್‌ಳ ಜೊತೆ ಜಗಳವಾಡಿದೆ.

ಸೋಮವಾರ ಇಡೀ ಕೇರಿ ಚಿಚಿಯ ಅಂಗಡಿಯ ಟಿ.ವಿ. ಮುಂದೆ ಸೇರಿತ್ತು. ವರ್ಷದ ಶ್ರೇಷ್ಠ ಪಿಚರ್, ಇಪ್ಪತ್ತೊಂದು ಗೆಲುವು, ಈ ಪ್ರಶಸ್ತಿ ಗೆದ್ದ ನಮ್ಮ ದೇಶದವರಲ್ಲೆಲ್ಲ ಅತಿ ಚಿಕ್ಕವನು, ಬರೀ ಇಪ್ಪತ್ಮೂರು ವರ್ಷ ಎಂದರು. ಆ ಇಪ್ಪತ್ಮೂರು ನನ್ನ ವಯಸ್ಸು ಅಣ್ಣ. ನಿನಗೆ ಇಪ್ಪತ್ತೇಳು. ಆದರೂ ನಾನೂ ಎದ್ದು ಚಪ್ಪಾಳೆ ತಟ್ಟಿದೆ. ಆಮೇಲೆ ನೀನು ಮೈಕಿನ ಮುಂದೆ ಕಣ್ಣೊರೆಸಿಕೊಂಡು, ಇದು ಈ ವರ್ಷ ತೀರಿಕೊಂಡ ನನ್ನ ಅಣ್ಣ ರುಫಿನೊಗೆ, ಎಸೆಯುವುದನ್ನು ಕಲಿಸಿದವನೇ ಅವನು ಎಂದೆ.

ಎಲ್ಲರೂ ನನ್ನನ್ನು ನೋಡದಿರಲು ಕಷ್ಟಪಡುತ್ತಿದ್ದರು. ಕೊನೆಗೆ ಡೊಮಿನೊ ಆಡುತ್ತಿದ್ದ ಫೆಲಾ ಅಜ್ಜಿ ಬಿಲ್ಲೆಯಿಂದ ಮೇಜು ಕುಟ್ಟಿದಳು. 'ಲೇ ಸತ್ತವನೇ, ನಿನ್ ಸರದಿ. ಆಡು.' ಆಗ ಎಲ್ಲರೂ ನಕ್ಕರು. ನಾನು ಬಿಲ್ಲೆ ಇಟ್ಟೆ. ಯಾವುದನ್ನು ಇಟ್ಟೆನೋ ಈಗಲೂ ನೆನಪಿಲ್ಲ.

ನನ್ನ ಪಾಲನ್ನು ಮುಚ್ಚಿಡುವುದಿಲ್ಲ. ಏಳು ವರ್ಷದ ಹಿಂದೆ ತಾವಿತೊ ನಮ್ಮ ಬಾಗಿಲಲ್ಲಿ ನಿಂತು, 'ಇಪ್ಪತ್ತು ವರ್ಷದ ತೋಳು ಅಂದ್ರೆ ನಿನ್ನೆಯ ಮೀನು. ಯಾರು ಕೊಳ್ತಾರೆ? ಹದಿನಾರು ಅಂದ್ರೆ ನಾಳೇನೇ ಕರ್ಕೊಂಡು ಹೋಗ್ತಾರೆ' ಎಂದಾಗ ಮನೆಯಲ್ಲಿ ಹದಿನಾರು ವರ್ಷದವನು ನಾನಿದ್ದೆ. ಬಿಸ್ಕತ್ತಿನ ಡಬ್ಬಿಯಿಂದ ನನ್ನ ಜನನಪತ್ರ ತೆಗೆದು ನಿನ್ನ ಕೈಗಿಟ್ಟವನು ನಾನೇ. ಯಾರೂ ಒತ್ತಾಯ ಮಾಡಲಿಲ್ಲ. ನನಗೆ ಹೆಮ್ಮೆಯೇ ಆಗಿತ್ತು. ಮೊದಲ ಕರಾರು ಮುಗಿಯುತ್ತಲೇ ಎಲ್ಲ ಸರಿಮಾಡುತ್ತೇನೆ ಎಂದು ನೀನು ಅಮ್ಮನ ತಲೆ ಮುಟ್ಟಿ ಹೇಳಿದೆ. ಈಗ ನಡೆಯುತ್ತಿರುವುದು ಮೂರನೇ ಕರಾರು.

ತಂಡದವರು ವಿಚಾರಣೆಗೆ ಕಳಿಸಿದ ಮನುಷ್ಯ ಶಾಲೆಗೂ ಹೋಗುತ್ತಾನೆಂದು ತಿಳಿದಾಗ ನಾನು ಶಾಲೆ ಬಿಟ್ಟೆ. ಉತ್ತರದಲ್ಲಿ ಚೆಂಡೆಸೆಯುವ ಎಲಾದಿಯೊ ಇಲ್ಲಿ ಗಣಿತದ ಪಾಠಕ್ಕೆ ಕೂರುವುದು ಹೇಗೆ? ಆತ ಕೇರಿಗೆ ಬಂದು ದೊಡ್ಡವನು ಎಲ್ಲಿ ಎಂದು ಕೇಳಿದ. ಫೆಲಾ ಅಜ್ಜಿ ನನ್ನತ್ತ ಗಲ್ಲ ತೋರಿಸಿ, 'ಅಗೋ ಕೂತಿದಾನಲ್ಲ ಸೋಮಾರಿ, ಅವ್ನೇ ದೊಡ್ಡೋನು. ತಿನ್ನೋದು ಮೈಗೆ ಹತ್ತಲ್ಲ, ಅದಕ್ಕೇ ಹಂಗಿದಾನೆ' ಎಂದಳು. ಮೀಸೆ ಮೂಡದ ನನ್ನನ್ನು ಇಪ್ಪತ್ತರವನೆಂದು ಬರೆದುಕೊಂಡು ಆತ ಹೊರಟ. ನಿನಗಾಗಿ ಅರವತ್ತು ಮನೆಗಳು ಒಂದೇ ಸುಳ್ಳನ್ನು ಏಳು ವರ್ಷ ಕಾದಿವೆ. ಒಬ್ಬರೂ ಬಾಯಿ ಬಿಟ್ಟಿಲ್ಲ.

ಅಂದಿನಿಂದ ನಾನು ರುಫಿನೊ. ಆ ಹೆಸರಿನಲ್ಲೇ ಕಬ್ಬಿನ ತೂಕದ ಮನೆಯಲ್ಲಿ ಕೆಲಸ, ಆ ಹೆಸರಿನಲ್ಲೇ ಕಾರ್ಮಿಕ ಸಂಘದ ಸದಸ್ಯತ್ವ. ಶಾಲೆಯಲ್ಲಿ ಸಿಗದಿದ್ದದ್ದನ್ನು ಸಂಘದ ಕರಪತ್ರಗಳಲ್ಲಿ ಹುಡುಕಿದೆ. ಅಕ್ಷರ ಮಸುಕಾದದ್ದನ್ನು ಬಿಸಿಲಿಗೆ ಹಿಡಿದು ಓದಿದೆ. ಬಡವರು ಒಪ್ಪಿ ಒಬ್ಬರಿಗೊಬ್ಬರು ಕೊಟ್ಟದ್ದು ಕಳವಲ್ಲ ಎಂದು ಒಂದರಲ್ಲಿತ್ತು. ಅದರ ಕೆಳಗೆ ಗೆರೆ ಎಳೆದೆ. ಪ್ರತಿ ಏಪ್ರಿಲ್‌ನಲ್ಲಿ ನಿನ್ನ ಪಂದ್ಯಗಳು ಶುರುವಾದಾಗ ಆ ಸಾಲನ್ನು ಓದಿ ನಿನ್ನನ್ನು ಕ್ಷಮಿಸುತ್ತಿದ್ದೆ. ಆದರೆ ಕೊಟ್ಟವನನ್ನೇ ಹೂತುಹಾಕುವವನ ಬಗ್ಗೆ ಯಾವ ಕರಪತ್ರವೂ ಬರೆದಿಲ್ಲ. ಅದನ್ನು ನಾನೇ ಬರೆಯಬೇಕಾಗಿದೆ.

ಮಂಗಳವಾರ ಚಿಚಿಯ ಫೋನಿನಲ್ಲಿ ನೀನು ಸಿಕ್ಕಿದೆ. ಪತ್ರಿಕೆಯವರು ಅಣ್ಣನನ್ನು ನೋಡಬೇಕು ಎನ್ನತೊಡಗಿದ್ದರು, ನಿನ್ನ ಮುಖ ನೋಡಿದರೆ ಎಲ್ಲ ಮುಗಿಯುತ್ತಿತ್ತು, ಬೇರೆ ದಾರಿಯಿರಲಿಲ್ಲ ಎಂದು ನೀನು ಹೇಳಿದೆ. ನಾನು ಮಗುವಿನ ವಿಷಯ ಹೇಳಿದೆ. ನೀನು ಸಲೀಸಾಗಿ ಹೇಳಿಬಿಟ್ಟೆ: 'ಅಷ್ಟೇ ತಾನೆ? ನಾನೇ ಬಂದು ಬರೆಸ್ತೀನಿ ಬಿಡೋ. ತಂದೆ ಎಲಾದಿಯೊ ಪೆಗೇರೊ ಅಂತ. ಬೀಳೋದು ನಿನ್ ಹೆಸರೇ ಅಲ್ವಾ? ಏನು ನಷ್ಟ?'

ನಾನು ಫೋನ್ ಇಟ್ಟೆ. ನಿನ್ನ ಲೆಕ್ಕ ಸರಿಯಾಗಿಯೇ ಇದೆ ಅಣ್ಣ. ಪುಸ್ತಕದಲ್ಲಿ ನನ್ನ ಹೆಸರಿರುತ್ತದೆ, ಪಕ್ಕದಲ್ಲಿ ನಿನ್ನ ಸಹಿ. ನಾಳೆ ಅವಳಿಗೆ ಜ್ವರ ಬಂದರೆ ಆಸ್ಪತ್ರೆಯವರು ತಂದೆ ಎಲ್ಲಿ ಎಂದು ಕೇಳಿದಾಗ, ಎತ್ತಿಕೊಂಡು ನಿಂತ ನಾನು ಟಿ.ವಿ.ಯಲ್ಲಿದ್ದಾನೆ ಎನ್ನಬೇಕು. ನನ್ನ ಹೆಸರು ಹೋಯಿತು, ನಿನ್ನ ಹೆಸರೂ ಹೋಯಿತು; ಈಗ ಮಗಳನ್ನೂ ಕೊಡು ಎಂದು ಕೇಳುತ್ತಿರುವೆ. ಅದನ್ನು ಸಹಾಯ ಎಂದುಕೊಂಡಿರುವೆ.

ನೀನು ಊರಿಗೆ ಬರಬೇಕು. ಅಧಿಕಾರಿಯ ಎದುರು ನಾನು ರುಫಿನೊ, ಬದುಕಿದ್ದೇನೆ, ಇವನು ಎಲಾದಿಯೊ ಎಂದು ಹೇಳಬೇಕು. ಅಷ್ಟಾದರೆ ಅದೇ ಕಿಟಕಿಯಲ್ಲಿ ನನ್ನ ಮಗಳ ಹೆಸರು ಬರೆಯುತ್ತಾರೆ. ನಿನ್ನ ವೀಸಾ ಹೋಗಬಹುದು, 'ಅತಿ ಚಿಕ್ಕವನು' ಎಂಬ ಮಾತು ಹೋಗುತ್ತದೆ, ಪ್ರಶಸ್ತಿಯನ್ನೂ ವಾಪಸ್ ಕೇಳಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ. ಆದರೆ ಎಸೆತ ನಿನ್ನದೇ. ಹಾಲಿನ ರಟ್ಟಿನ ಡಬ್ಬಿ ಮಡಚಿ ಗವಸು ಮಾಡಿಕೊಂಡು ಅದನ್ನು ಹಿಡಿದ ಮೊದಲ ಅಂಗೈ ನನ್ನದು, ಅದು ಎಷ್ಟು ನಿಜವೆಂದು ನನಗೆ ಗೊತ್ತು. ಇಪ್ಪತ್ತೇಳರವನು ಗೆದ್ದರೂ ಇಪ್ಪತ್ತೊಂದು ಗೆಲುವು ಇಪ್ಪತ್ತೊಂದೇ.

ತಾವಿತೊನನ್ನು ಕಳಿಸಬೇಡ. ಅವನಿಗೆ ನಮ್ಮ ಮನೆಯ ಹೊಸ್ತಿಲು ತುಳಿಯಲು ಬಿಡುವುದಿಲ್ಲ.

ನಿನ್ನ ತಮ್ಮ,
ಎಲಾದಿಯೊ ಪೆಗೇರೊ

ಮರೆತ ಮಾತು: ಗುರುವಾರ ರಾಜಧಾನಿಯ ಪತ್ರಿಕೆಯಿಂದ ಒಬ್ಬಳು ವರದಿಗಾರ್ತಿ ಬಂದಿದ್ದಳು. ಪಿಚರ್‌ನ ತೀರಿಹೋದ ಅಣ್ಣನ ಗೋರಿಯ ಫೋಟೊ ಬೇಕಂತೆ. ಫೆಲಾ ಅಜ್ಜಿ ಯಾರದೋ ಗೋರಿ ತೋರಿಸಲು ಚಪ್ಪಲಿ ಮೆಟ್ಟಿಯೂ ಆಗಿತ್ತು. ನಾನು ತಡೆದೆ. ಗೋರಿ ಬೇಡ, ನೋಂದಣಿ ಕಚೇರಿಗೆ ಬನ್ನಿ, ಇಬ್ಬರು ಅಣ್ಣತಮ್ಮಂದಿರನ್ನೂ ತೋರಿಸುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ನೀನು ಬಾರದಿದ್ದರೆ ಒಬ್ಬನನ್ನೇ ತೋರಿಸುತ್ತೇನೆ. ಅವಳಿಗೆ ಹತ್ತು ಗಂಟೆ ಎಂದಿದ್ದೇನೆ. ನಿನಗೆ, ಅಣ್ಣನಾದ್ದರಿಂದ, ಒಂದು ಗಂಟೆ ಮುಂಚೆ: ಡಿಸೆಂಬರ್ ಆರು, ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ.